ಕಾಟ್ ಬೇಸಿಸ್ ಮೇಲೆ ಒಂದು ವರ್ಷ: ಪುಣೆಯ ಒಂದು ಹುಡುಗಿಯರ ಹಾಸ್ಟೆಲ್

ಜೂನ್ ಬಂತೆಂದರೆ ಜಮಖಂಡಿಯಿಂದ ನನಗೆ ಫೋನ್ ಶುರು. ದೂರದ ಕಾಕು, ಅಪ್ಪನ ಗೆಳೆಯರು, ಟ್ಯೂಷನ್ ಸರ್. ‘ನಮ್ಮ ಹುಡುಗಿಗೆ ಪುಣೆಯಾಗ ಅಡ್ಮಿಷನ್ ಆಗೇದ, ನೀ ಇರೋ ಹಾಸ್ಟೆಲ್ ಹೆಂಗದ?’ ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಒಮ್ಮೆ ಬರೆದುಬಿಡುತ್ತೇನೆ.

ಹೆಸರು ಹಾಕುತ್ತಿಲ್ಲ. ಹಾಸ್ಟೆಲ್ ನೋಡಿಕೊಳ್ಳುವ ರೆಕ್ಟರ್ ಮೇಡಂ ಬೇಡ ಎಂದಿದ್ದಾರೆ. ಇಲ್ಲಿ ಬಾಡಿಗೆ ಕೋಣೆಗಲ್ಲ, ಒಂದೊಂದು ಕಾಟ್‌ಗೆ, ಅದಕ್ಕೇ ‘ಕಾಟ್ ಬೇಸಿಸ್’. ಕಾಟ್ ಎಲ್ಲ ಮೇ ತಿಂಗಳಲ್ಲೇ ತುಂಬುತ್ತವೆ, ಆಮೇಲೆ ಫೋನ್ ಎತ್ತಿ ‘ಇಲ್ಲ’ ಎನ್ನುವುದೇ ಕೆಲಸವಾಗುತ್ತದಂತೆ. ಎರಂಡವಣೆಯಲ್ಲಿದೆ, ನಳ್ ಸ್ಟಾಪ್ ಮೆಟ್ರೋ ಸ್ಟೇಷನ್ನಿಂದ ನಡೆದು ಹೋಗಬಹುದು. ಕನ್ನಡ ಸಂಘದ ಕಾವೇರಿ ಕಾಲೇಜೂ ಇದೇ ಭಾಗದಲ್ಲಿದೆ. ಬೇಕಾದವರು ವಿಚಾರಿಸಿದರೆ ಪತ್ತೆ ಹತ್ತುತ್ತದೆ.

ಕಟ್ಟಡದ ವಿಷಯ ಬೇಗ ಮುಗಿಸುತ್ತೇನೆ. ಹಳೆಯ ಮೂರಂತಸ್ತಿನ ಮನೆ, ಲಿಫ್ಟ್ ಇಲ್ಲ. ಕೋಣೆಗೆ ಮೂರು ಕಾಟ್, ಮೂರು ಕಬ್ಬಿಣದ ಕಪಾಟು, ಆದರೆ ಟೇಬಲ್ ಎರಡೇ. ಮೂರನೆಯವಳು ಕಾಟ್ ಮೇಲೆ ಕೂತು ಓದಬೇಕು. ಕಾಟ್‌ಗೆ ತಿಂಗಳಿಗೆ 6,500 ರೂಪಾಯಿ, ಮೆಸ್ ಬೇರೆ 3,400, ಎರಡು ತಿಂಗಳ ಡಿಪಾಜಿಟ್. ವೈಫೈ ಇದೆ, ಮೂರನೇ ಮಹಡಿಗೆ ಹತ್ತುವುದಿಲ್ಲ. ಬಿಸಿನೀರು ಸೋಲಾರ್. ಮಳೆಗಾಲದಲ್ಲಿ ಬಿಸಿಲೇ ಇರದಾಗ ಮಹಡಿಗೆ ಒಂದೇ ಗೀಸರ್, ಅದರ ಮುಂದೆ ಬಕೆಟ್ ಪಾಳಿ. ಬಕೆಟ್ ಮೇಲೆ ನೇಲ್ ಪಾಲಿಷ್‌ನಲ್ಲಿ ಅವರವರ ಊರಿನ ಹೆಸರು ಬರೆದಿರುತ್ತೇವೆ. ಲಾತೂರು, ಸಾತಾರಾ, ಅಥಣಿ, ನಾಂದೇಡ, ಜಮಖಂಡಿ ಎಂದು ಸಾಲಾಗಿ ನಿಂತಿರುವುದನ್ನು ನೋಡಿದರೆ ಎಸ್‌ಟಿ ಬಸ್ ಸ್ಟ್ಯಾಂಡಿನ ಬೋರ್ಡ್ ಇದ್ದಹಾಗಿರುತ್ತದೆ. ಹುಡುಗಿಯರನ್ನೂ ಹಾಗೇ ಕರೆಯುವುದು. ನನ್ನ ನಿಜವಾದ ಹೆಸರು ಕೆಲವರಿಗೆ ಇನ್ನೂ ಗೊತ್ತಿಲ್ಲ.

ಮೆಸ್‌ನಲ್ಲಿ ಪೋಳಿ (ನಮ್ಮ ಚಪಾತಿ), ಭಾಜಿ, ವರಣ (ತೊವ್ವೆ), ಅನ್ನ. ಎರಡೂ ಹೊತ್ತು ಬಿಸಿ ಇರುತ್ತದೆ, ಅದು ದೊಡ್ಡ ಮಾತು. ವರಣದಲ್ಲಿ ಬೆಲ್ಲ ಇರುತ್ತದೆ, ನಮ್ಮ ಕಡೆಯ ನಾಲಿಗೆಗೆ ಅದು ಸ್ವಲ್ಪ ಕಷ್ಟ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಡಬ್ಬಿ ಜೊತೆಗಿರಲಿ. ಬುಧವಾರ ಜೋಳದ ಭಾಕರಿ, ಅಡುಗೆಯ ಮಾವಶಿ ಚೆನ್ನಾಗಿ ತಟ್ಟುತ್ತಾರೆ, ನಮ್ಮ ರೊಟ್ಟಿಗಿಂತ ದಪ್ಪ ಅಷ್ಟೇ. ಊರಿಗೆ ಹೋಗುವುದಿದ್ದರೆ ಹಿಂದಿನ ದಿನ ಸಂಜೆಯೊಳಗೆ ಪುಸ್ತಕದಲ್ಲಿ ಖಾಡಾ, ಅಂದರೆ ಊಟಕ್ಕೆ ಇರುವುದಿಲ್ಲ ಅಂತ, ಬರೆಯಬೇಕು. ಕನಿಷ್ಠ ಮೂರು ದಿನದ ಖಾಡಾ ಇದ್ದರೆ ಮಾತ್ರ ಮೆಸ್ ಬಿಲ್ ಕಡಿಮೆಯಾಗುತ್ತದೆ. ಶನಿವಾರ-ಭಾನುವಾರ ಮಾತ್ರ ಊರಿಗೆ ಹೋಗಿ ಬರುವವರಿಗೆ ಇದರಿಂದ ಒಂದು ಪೈಸೆಯೂ ಉಳಿಯುವುದಿಲ್ಲ. ಇದು ಅನ್ಯಾಯ ಅಂತ ಪ್ರತಿ ವರ್ಷ ಜಗಳ ಆಗುತ್ತದೆ, ಪ್ರತಿ ವರ್ಷ ಮೆಸ್‌ನವರೇ ಗೆಲ್ಲುತ್ತಾರೆ. ಭಾನುವಾರ ರಾತ್ರಿ ಮೆಸ್ ಬಂದ್. ಕೈಯಲ್ಲಿ ಕಾಸಿದ್ದ ವಾರ ಎಫ್‌ಸಿ ರೋಡಿನ ವೈಶಾಲಿಗೆ ಹೋಗಿ ಪಾಳಿ ಹಚ್ಚಿ ಎಸ್‌ಪಿಡಿಪಿ (ಸೇವ್ ಪೊಟ್ಯಾಟೊ ದಹಿ ಪುರಿ) ತಿನ್ನುತ್ತೇವೆ. ಉಡುಪಿ ಕಡೆಯ ಜಗನ್ನಾಥ ಶೆಟ್ಟರು ಬೆಳೆಸಿದ ಹೋಟೆಲ್ ಅದು. ಕಾಸಿಲ್ಲದ ವಾರ ಮ್ಯಾಗಿ.

ಇಷ್ಟೇ ಆಗಿದ್ದರೆ ಐದಕ್ಕೆ ಮೂರು ಸ್ಟಾರ್ ಕೊಟ್ಟು ಸುಮ್ಮನಾಗುತ್ತಿದ್ದೆ. ಇಂಥ ಹಾಸ್ಟೆಲ್ ಸದಾಶಿವ ಪೇಠೆಯಿಂದ ಕೊಥ್ರೂಡ್‌ವರೆಗೆ ಎಷ್ಟೋ ಇವೆ. ಇಲ್ಲಿ ದುಡ್ಡಿಗೆ ಸಿಗುವ ಅಸಲು ಮಾಲು ಬೇರೆ. ಹುಡುಗಿಯರನ್ನು ಒಬ್ಬರಿಗೊಬ್ಬರು ಗಂಟು ಹಾಕುವ ಪದ್ಧತಿ.

ಹೊಸದಾಗಿ ಬಂದವಳಿಗೆ ರೆಕ್ಟರ್ ಮೇಡಂ ಒಬ್ಬ ಸೀನಿಯರ್‌ಳನ್ನು ಜೋಡಿ ಮಾಡುತ್ತಾರೆ. ಕನ್ನಡದವಳಿಗೆ ಕನ್ನಡದವಳು ಸಿಗುವುದಿಲ್ಲ, ಅದು ಬೇಕೆಂದೇ ಮಾಡಿದ್ದು. ನನಗೆ ಸಿಕ್ಕವಳು ಲಾತೂರಿನವಳು. ಬಂದ ಮರುದಿನವೇ ತುಳಶಿಬಾಗ್ ಮಾರ್ಕೆಟ್ಟಿಗೆ ಕರೆದುಕೊಂಡು ಹೋಗಿ ಬಕೆಟ್, ಮಗ್ಗು, ಬಟ್ಟೆಯ ಹಗ್ಗ, ಕ್ಲಿಪ್ಪು ಕೊಡಿಸಿದಳು. ನಾನು ಪರ್ಸ್ ತೆಗೆದಾಗಲೆಲ್ಲ ಕೈ ಹಿಡಿದು ಹಿಂದಕ್ಕೆ ಎಳೆದು, ಅಂಗಡಿಯವನ ಮುಂದೆ ಇನ್ನೊಂದು ಸುತ್ತು ಚೌಕಾಶಿ. ಪಿಎಂಪಿಎಂಎಲ್ ಬಸ್ ಪಾಸ್, ಯೂನಿವರ್ಸಿಟಿಯ ಪರೀಕ್ಷಾ ಫಾರ್ಮ್, ಯಾವ ಡಾಕ್ಟರು ಸುಮ್ನೆ ಟೆಸ್ಟ್ ಬರೆಯುವುದಿಲ್ಲ, ಎಲ್ಲ ಅವಳಿಂದಲೇ ಗೊತ್ತಾಯಿತು. ನನ್ನ ಮರಾಠಿ ಇವತ್ತಿಗೂ ಲಾತೂರಿನ ಮರಾಠಿ. ಪುಣೆಯವರು ನಗುತ್ತಾರೆ, ನಗಲಿ.

ಅಮೆರಿಕದಲ್ಲಿ ಓದುವ ನಮ್ಮ ಮಾವನ ಮಗಳಿಗೆ ಇದನ್ನು ಹೇಳಿದಾಗ ‘ನಮ್ಮ ಸೊರೊರಿಟಿಯಲ್ಲೂ ಹೀಗೇ’ ಅಂದಳು. ಅಲ್ಲಿ ಕಾಲೇಜು ಹುಡುಗಿಯರೇ ನಡೆಸುವ ಸಂಘಗಳವು, ಗ್ರೀಕ್ ಅಕ್ಷರದ ಹೆಸರಿನವು, ಒಂದೊಂದು ಕಾಲೇಜಿನಲ್ಲಿ ಒಂದೊಂದು ಚಾಪ್ಟರ್, ಅಂದರೆ ಶಾಖೆ. ಬಹಳ ಹಳೆಯದು ಆಲ್ಫಾ ಡೆಲ್ಟಾ ಪೈ. ಜಾರ್ಜಿಯಾದ ಮೇಕನ್ ಊರಿನ ವೆಸ್ಲಿಯನ್ ಕಾಲೇಜಿನಲ್ಲಿ 1851ರಲ್ಲಿ ಬೇರೆ ಹೆಸರಿನಲ್ಲಿ ಶುರುವಾಗಿತ್ತು. ಅಲ್ಲಿಯೂ ಹೊಸಬಳಿಗೆ ಒಬ್ಬ ‘ಬಿಗ್’ ಸಿಗುತ್ತಾಳೆ, ಹೊಸಬಳು ಅವಳ ‘ಲಿಟಲ್’. ಆದರೆ ಅದಕ್ಕೂ ಮೊದಲು ಸೊರೊರಿಟಿಗಳ ಮನೆಮನೆಗೆ ಹೋಗಿ ಚೆಂದ ಮಾತಾಡಿ, ಅವರು ಆರಿಸಿ ‘ಬಿಡ್’ (ಸೇರಲು ಕರೆ) ಕೊಟ್ಟರೆ ಒಳಗೆ. ನಮ್ಮಲ್ಲಿ ಅದೊಂದು ಸುಖ. ಆರಿಸುವವರು ಯಾರೂ ಇಲ್ಲ. ಕಾಟ್ ಖಾಲಿ ಇದ್ದರೆ ನೀವು ಒಳಗೆ. ಗೊರಕೆ ಹೊಡೆಯುವವಳೂ ಒಳಗೆ, ರಾತ್ರಿ ಎರಡಕ್ಕೆ ಅಲಾರಂ ಇಟ್ಟು ಏಳದೇ ಇರುವ, ಎಂಪಿಎಸ್‌ಸಿ (ಮಹಾರಾಷ್ಟ್ರದ ಸರ್ಕಾರಿ ನೌಕರಿ) ಪರೀಕ್ಷೆಗೆ ಓದುವವಳೂ ಒಳಗೆ. ಬೇಡವೆಂದರೂ ವರ್ಷವಿಡೀ ಅವಳ ಜೊತೆ ಹೊಂದಿಕೊಂಡೇ ಇರಬೇಕು. ಇದು ಸೊರೊರಿಟಿಗಿಂತ ಕಷ್ಟ, ನನ್ನ ಪ್ರಕಾರ ಅದಕ್ಕಿಂತ ಒಳ್ಳೆಯದು.

ತಿಂಗಳಿಗೊಮ್ಮೆ ಟೆರೇಸಿನ ಮೇಲೆ ಮೀಟಿಂಗ್. ರೆಕ್ಟರ್ ಮೇಡಂ ಬಂದು ಕೂರುತ್ತಾರೆ, ಕೇಳಿದರಷ್ಟೇ ಮಾತಾಡುತ್ತಾರೆ. ಕಳೆದ ಮಳೆಗಾಲದ ದೊಡ್ಡ ಜಗಳ ಢೋಲ್-ತಾಶಾದ್ದು. ಗಣೇಶೋತ್ಸವಕ್ಕೆ ಎಷ್ಟೋ ವಾರ ಮೊದಲೇ ನದೀಪಾತ್ರದಲ್ಲಿ ಪಥಕಗಳ, ಅಂದರೆ ಢೋಲ್ ಬಾರಿಸುವ ತಂಡಗಳ, ತಾಲೀಮು ಶುರುವಾಗುತ್ತದೆ. ನಮ್ಮ ಲಾತೂರಿನವಳೂ ಇನ್ನು ಕೆಲವರೂ ಒಂದು ಪಥಕ ಸೇರಿದ್ದರು. ಢೋಲನ್ನು ಸೊಂಟಕ್ಕೆ ಬಿಗಿದು ಬಾರಿಸಬೇಕು. ಬಂದು ಕುರ್ತಾ ಎತ್ತಿ ತೋರಿಸಿದರೆ ಸೊಂಟದ ಮೇಲೆ ಹಗ್ಗದ ಬರೆ, ನೀಲಿಗಟ್ಟಿರುತ್ತಿತ್ತು. ನಾನು ಅಮೃತಾಂಜನ ಹಚ್ಚಲು ಹೋದರೆ ‘ಬೇಡ, ಉರಿಯುತ್ತೆ, ಐಸ್ ತಾ’ ಎನ್ನುವಳು. ಹಾಸ್ಟೆಲ್ ಇನ್-ಟೈಮ್ ಒಂಬತ್ತು, ತಾಲೀಮು ಬಿಡುವುದೂ ಹೆಚ್ಚುಕಡಿಮೆ ಒಂಬತ್ತಕ್ಕೇ. ಓದುವವರಿಗೆ ಗೇಟಿನ ಸದ್ದು ಬೇಡ, ಬಾರಿಸುವವರಿಗೆ ಗೇಟ್ ಬೇಕು. ಮೀಟಿಂಗ್ ಮುಗಿಯುವಾಗ ರಾತ್ರಿ ಹನ್ನೊಂದು. ಎಲ್ಲರೂ ಒಟ್ಟಿಗೇ ಬರಬೇಕು, ಹತ್ತರೊಳಗೆ ಬರಬೇಕು, ಒಬ್ಬಳು ತಪ್ಪಿದರೂ ಎಲ್ಲರ ಪಾಸ್ ರದ್ದು ಅಂತ ಮಸ್ಟರ್‌ನಲ್ಲಿ ಬರೆದು ಸಹಿ ಹಾಕಿದರು. ವಿಸರ್ಜನೆಯ ದಿನ ಬಿಳಿ ಕುರ್ತಾ, ತಲೆಗೆ ಫೇಟಾ, ಮೂಗಿಗೆ ನತ್ತು ಹಾಕಿಕೊಂಡು ಹೊರಟವರನ್ನು ನೋಡಲು ಗೇಟ್ ಸದ್ದಿನ ಬಗ್ಗೆ ಕೂಗಾಡಿದವರೇ ಲಕ್ಷ್ಮೀ ರಸ್ತೆಯಲ್ಲಿ ಮುಂದಿನ ಸಾಲಿನಲ್ಲಿದ್ದರು.

ನವರಾತ್ರಿಯಲ್ಲಿ ಭೋಂಡ್ಲಾ. ನಮ್ಮ ಕಡೆಯವರಿಗೆ ಇದು ಹೊಸತು, ಸ್ವಲ್ಪ ಹೇಳುತ್ತೇನೆ. ಮಣೆಯ ಮೇಲೆ ಆನೆಯ ಚಿತ್ರ ಇಟ್ಟು, ಸುತ್ತಲೂ ಹುಡುಗಿಯರು ಕೈ ಹಿಡಿದು ಹಾಡು ಹೇಳುತ್ತ ತಿರುಗುತ್ತಾರೆ. ಹಾಡುಗಳಲ್ಲಿ ಅತ್ತೆಮನೆಯ ಚಾಡಿಯೇ ಜಾಸ್ತಿ. ಕೊನೆಗೆ ಖಿರಾಪತ್. ಮುಚ್ಚಿದ ಡಬ್ಬಿಯಲ್ಲಿ ಏನು ತಿಂಡಿ ಇದೆ ಅಂತ ಊಹಿಸಬೇಕು. ಅಲ್ಲಾಡಿಸಿ ಸದ್ದು ಕೇಳಿಸುತ್ತಾರೆ, ಸಿಹಿಯೋ ಖಾರವೋ ಅಂತ ಸುಳಿವು ಕೊಡುತ್ತಾರೆ. ಕಳೆದ ಸಲ ನಮ್ಮ ಪಾಳಿ ಬಂದಾಗ ನಾನೂ ಅಥಣಿಯವಳೂ ಸೇರಿ ಮಾದಲಿ ಮಾಡಿದೆವು. ಮಾವಶಿಯ ಒಲೆಯ ಮೇಲೆ ದಪ್ಪ ಚಪಾತಿ ಸುಟ್ಟು, ಕೈಯಿಂದ ಉಜ್ಜಿ ಪುಡಿ ಮಾಡಿ, ಜರಡಿ ಹಿಡಿದು, ಬೆಲ್ಲ, ಏಲಕ್ಕಿ, ಗಸಗಸೆ, ಒಣಕೊಬ್ಬರಿ. ಡಬ್ಬಿ ಅಲ್ಲಾಡಿಸಿದರೆ ಸದ್ದೇ ಇಲ್ಲ. ‘ಶಿರಾ’ ಅಂದರು, ‘ಪುರಣ’ ಅಂದರು, ‘ಖಾಲಿ ಡಬ್ಬಿ, ಮೋಸ’ ಅಂದರು. ನಾಂದೇಡದವಳು ‘ಸತ್ತುವಿನ ಹಿಟ್ಟು’ ಎಂದು ಹಟ ಹಿಡಿದಳು. ಮುಚ್ಚಳ ತೆಗೆದಾಗಲೂ ಯಾರಿಗೂ ಗೊತ್ತಾಗಲಿಲ್ಲ. ಮೇಲೆ ತುಪ್ಪ, ಬಿಸಿ ಹಾಲು ಹಾಕಿ ಕೊಟ್ಟೆವು. ರೆಕ್ಟರ್ ಮೇಡಂ ಎರಡನೇ ಸಲ ಬಟ್ಟಲು ಹಿಡಿದು ಬಂದರು. ಅವರು ಯಾವುದಕ್ಕೂ ಎರಡನೇ ಸಲ ಬರುವವರಲ್ಲ.

ಡಿಸೆಂಬರ್‌ನಲ್ಲಿ ಪರೀಕ್ಷೆ ಮುಗಿದವರನ್ನು ಮೇಡಂ ಅವರೇ ಸವಾಯಿ ಗಂಧರ್ವ ಸಂಗೀತ ಉತ್ಸವಕ್ಕೆ ಕರೆದೊಯ್ಯುತ್ತಾರೆ. ಕುಂದಗೋಳದ ಗುರು ಸವಾಯಿ ಗಂಧರ್ವರ ನೆನಪಿಗೆ ಗದಗಿನ ಶಿಷ್ಯ ಭೀಮಸೇನ ಜೋಶಿ 1953ರಲ್ಲಿ ಪುಣೆಯಲ್ಲಿ ಶುರು ಮಾಡಿದ್ದು. ಆ ನಾಲ್ಕೈದು ದಿನ ಕನ್ನಡದ ಹುಡುಗಿಯರಿಗೆ ಹಾಸ್ಟೆಲಿನಲ್ಲಿ ಭಾರೀ ಮರ್ಯಾದೆ. ಸರಿಗಮ ಗೊತ್ತಿಲ್ಲದ ನನ್ನನ್ನೂ ರಾಗ ಯಾವುದು ಅಂತ ಕೇಳುತ್ತಾರೆ.

ಅಥಣಿಯವಳಿಗೆ ಡೆಂಗಿ ಆದಾಗ ಏನಾಯಿತು ಎಂಬುದು ಪಾಲಕರಿಗೆ ಬೇಕಾದ ಮಾತು. ರಾತ್ರಿ ಜ್ವರ ಏರಿತು. ವಾಚ್‌ಮನ್ ಕಾಕಾ ರಿಕ್ಷಾ ತಂದರು, ರೆಕ್ಟರ್ ಮೇಡಂ ನೈಟಿಯ ಮೇಲೆ ಓಢಣಿ ಹೊದ್ದು ಜೊತೆಗೆ ಹೋದರು, ಅಡ್ಮಿಟ್ ಮಾಡುವಾಗ ದುಡ್ಡು ಅವರೇ ಕಟ್ಟಿದರು. ಅವಳ ಅಪ್ಪ ಬರುವವರೆಗೆ ಎರಡನೇ ಮಹಡಿಯವರು ಪಾಳಿ ಹಚ್ಚಿ ಕೂತರು. ಪ್ಲೇಟ್‌ಲೆಟ್ ಲೆಕ್ಕವನ್ನು ಮೆಸ್‌ನ ಹಲಗೆಯ ಮೇಲೆ ಬೆಳಿಗ್ಗೆ ಸಂಜೆ ಬರೆಯುತ್ತಿದ್ದರು, ಪಲ್ಯದ ಹೆಸರಿನ ಕೆಳಗೆ.

ದೂರುಗಳಿವೆ. ಡಿಪಾಜಿಟ್ ವಾಪಸ್ ಬರಲು ಎರಡು ತಿಂಗಳು ಬೇಕು, ಅದರಲ್ಲೂ ಗೋಡೆಗೆ ಮೊಳೆ ಹೊಡೆದದ್ದಕ್ಕೆ, ಕಪಾಟಿನ ಕೀಲಿ ಕಳೆದದ್ದಕ್ಕೆ ಕಡಿತ. ಅಪ್ಪನೇ ಬಂದರೂ ಗೇಟಿನ ಬಳಿಯ ಬಾಕಿನ ಮೇಲೆ ಕೂರಬೇಕು. ಮೂರು ಬಸ್ ಬದಲಿಸಿ ಬಂದ ವಯಸ್ಸಾದವರಿಗೆ ಒಳಗೆ ಒಂದು ಕುರ್ಚಿ ಹಾಕಿದರೆ ಏನು ಹೋಗುತ್ತದೆ? ಇದನ್ನು ಮೀಟಿಂಗ್‌ನಲ್ಲೂ ಹೇಳಿದ್ದೇನೆ. ಇನ್ನು ಪುಣೇರಿ ಪಾಟಿ. ಊರಿಗೇ ಹೆಸರುವಾಸಿಯಾದ ಆ ಬೋರ್ಡುಗಳ ಚಟ ನಮ್ಮ ಮೇಡಂಗೂ ಇದೆ. ಮೆಟ್ಟಿಲ ಬಳಿ: ‘ಲೈಟ್ ಆರಿಸಿ. ನಿಮ್ಮ ತಂದೆ ವಿದ್ಯುತ್ ಮಂಡಳಿಯಲ್ಲಿದ್ದರೂ ಆರಿಸಿ.’ ಬಾತ್‌ರೂಮಿನಲ್ಲಿ: ‘ಕೂದಲು ನಿಮ್ಮದೇ, ತೆಗೆಯುವುದೂ ನೀವೇ.’ ಮೊದಲ ವಾರ ಸಿಟ್ಟು ಬರುತ್ತದೆ, ಆಮೇಲೆ ಫೋಟೋ ತೆಗೆದು ಅಮ್ಮನಿಗೆ ಕಳಿಸುತ್ತೀರಿ.

ಜನವರಿಯಿಂದ ಮಾರ್ಚ್‌ವರೆಗೆ ಓದು, ಸಬ್‌ಮಿಷನ್, ಮತ್ತೆ ಓದು. ಏಪ್ರಿಲ್‌ನಲ್ಲಿ ಹೋಗುವವರ ಸಾಮಾನುಗಳ ಹರಾಜು ಟೆರೇಸಿನ ಮೇಲೆ ನಡೆಯುತ್ತದೆ. ಗಾದಿ, ಕೆಟಲ್, ಕೂಲರ್, ಅರ್ಧ ಮುಗಿದ ಶಾಂಪೂ ಕೂಡ. ಬಂದ ದುಡ್ಡು ಮುಂದಿನ ಭೋಂಡ್ಲಾಕ್ಕೆ. ಲಾತೂರಿನವಳ ಕೆಟಲ್‌ಗೆ ನಾನೂ ನಾಂದೇಡದವಳೂ ಪೈಪೋಟಿಗೆ ಬಿದ್ದು ಹೊಸದರ ಬೆಲೆಗಿಂತ ಜಾಸ್ತಿ ಕೂಗಿದೆವು. ಅವಳು ನಗುತ್ತ ನಾಂದೇಡದವಳಿಗೇ ಕೊಟ್ಟಳು.

ಹಾಗಾಗಿ ನಾಲ್ಕು ಸ್ಟಾರ್. ಒಬ್ಬಳೇ ಇರಬೇಕು, ಬಾಗಿಲು ಹಾಕಿಕೊಂಡು ಓದಬೇಕು ಎನ್ನುವವಳಿಗೆ ಈ ಜಾಗ ಆಗಿಬರುವುದಿಲ್ಲ, ಸಿಂಗಲ್ ರೂಮಿನ ಪಿಜಿ ನೋಡಿಕೊಳ್ಳಲಿ. ರಾತ್ರಿ ಶಿಫ್ಟಿನ ಕೆಲಸ ಮಾಡುವವರಿಗೂ ಇನ್-ಟೈಮ್ ಕಾರಣ ಸಾಧ್ಯವಿಲ್ಲ. ಮೊದಲ ಸಲ ಮನೆ ಬಿಟ್ಟು ಬರುವವಳಿಗೆ, ಅದರಲ್ಲೂ ಮರಾಠಿ ಬಾರದವಳಿಗೆ, ಕಣ್ಣು ಮುಚ್ಚಿ ಹೇಳುತ್ತೇನೆ.

ಈಗ ಕೇಳಿದರೆ ಕಾಟ್ ಇಲ್ಲ ಎಂದೇ ಹೇಳುತ್ತಾರೆ. ಹೆಸರು ಬರೆಸಿ ಇಡಿ. ಎಂಜಿನಿಯರಿಂಗ್‌ನ ಕ್ಯಾಪ್ ರೌಂಡ್‌ಗಳು (ಸೀಟು ಹಂಚುವ ಸುತ್ತುಗಳು) ಮುಗಿಯುತ್ತಿದ್ದಂತೆ ಬೇರೆ ಊರಿನ ಕಾಲೇಜು ಸಿಕ್ಕವರು ಬಿಟ್ಟು ಹೋಗುತ್ತಾರೆ, ಆಗ ಎರಡು ಮೂರು ಕಾಟ್ ಖಾಲಿಯಾಗುತ್ತವೆ. ನೋಡಲು ಬರುವವರು ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಬರಬೇಡಿ, ಮೇಡಂ ಮಲಗಿರುತ್ತಾರೆ. ಅದಕ್ಕೂ ಗೇಟಿಗೆ ಒಂದು ಬೋರ್ಡ್ ಇದೆ. ಎರಡನೇ ಮಹಡಿಯೇ ಬೇಕು ಅಂತ ಕೇಳಿ. ಮೂರನೆಯದರಲ್ಲಿ ವೈಫೈ ಬರುವುದಿಲ್ಲ.