ನಮ್ಮ ಓಣಿಯ ಕಸದ ಗಾಡಿ ಮೈಕು: ಎರಡು ವರ್ಷ ಕೇಳಿದ ಮೇಲೆ

ಬೆಳಿಗ್ಗೆ ಆರೂಮುಕ್ಕಾಲಿಗೆ ನಮ್ಮ ಓಣಿಗೆ ಕಸದ ಗಾಡಿ ಬರುತ್ತದೆ. ಆರೂಮುಕ್ಕಾಲು ಅಂದರೆ ಆರೂವರೆಯಿಂದ ಏಳೂಕಾಲಿನ ನಡುವೆ ಯಾವಾಗಲಾದರೂ. ಮೊದಲು ಸ್ವಚ್ಛತೆಯ ಹಾಡು, ಆಮೇಲೆ ಹಸಿ ಕಸ ಒಣ ಕಸ ಬೇರೆ ಮಾಡಿ ಅನ್ನುವ ಮಾತು, ಅದು ಮುಗಿದ ಮೇಲೆ ಊರಿನ ಸುದ್ದಿ. ನಾನು ಬರೆಯುತ್ತಿರುವುದು ಆ ಸುದ್ದಿಯ ಬಗ್ಗೆ. ಕಸ ಎತ್ತುವ ಬಗ್ಗೆ ತಕರಾರಿಲ್ಲ, ಎತ್ತುತ್ತಾರೆ.

ನಮ್ಮದು ರಾಯಚೂರು ಜಿಲ್ಲೆಯಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯನ್ನು ನಂಬಿಕೊಂಡಿರುವ ಒಂದು ಊರು. ಹೆಸರು ಬರೆದರೆ ನಾಳೆ ಓಣಿಯಲ್ಲಿ ಜಗಳ, ಬೇಡ. ನನಗೆ ಮನೆಯಲ್ಲೇ ಹೊಲಿಗೆ ಕೆಲಸ. ಫಾಲ್, ಪಿಕೋ, ಮದುವೆ ಸೀಸನ್‌ನಲ್ಲಿ ಬ್ಲೌಸ್. ಬೆಳಿಗ್ಗೆ ಬಾಗಿಲು ತೆಗೆದೇ ಕೂತಿರುತ್ತೇನೆ, ಹಾಗಾಗಿ ಈ ಮೈಕನ್ನು ನನ್ನಷ್ಟು ಕೇಳಿದವರು ಕಡಿಮೆ ಇರಬೇಕು.

ಬೇರೆ ದಾರಿಗಳೂ ಇವೆ. ಗಾಡಿ ಕಳಿಸುವ ಕಚೇರಿಯ ಗೋಡೆಗೆ ಗಾಜಿನ ನೋಟಿಸ್ ಬೋರ್ಡ್ ಇದೆ, ಅದಕ್ಕೆ ಬೀಗ ಇದೆ, ಒಳಗಿನ ಕಾಗದ ಬಿಸಿಲಿಗೆ ಬಿಳಿಚಿಕೊಂಡಿದೆ. ವಾರ್ಡಿನ ವಾಟ್ಸಾಪ್ ಗುಂಪಿನಲ್ಲಿ ಶುಭೋದಯ, ಹುಟ್ಟುಹಬ್ಬ, ಭಾವಪೂರ್ಣ ಶ್ರದ್ಧಾಂಜಲಿ, ಇವುಗಳ ನಡುವೆ ಎಲ್ಲೋ ನೀರಿನ ಸುದ್ದಿ ಸಿಕ್ಕಿಕೊಂಡಿರುತ್ತದೆ. ಪೇಪರಿನಲ್ಲೂ ಬರುತ್ತದೆ, ಆದರೆ ಪೇಪರ್ ಕೈಗೆ ಸಿಗುವ ಹೊತ್ತಿಗೆ ನಳ ನಿಂತಿರುತ್ತದೆ. ನಮ್ಮ ತಾಯಿಯ ಊರಿನಲ್ಲಿ ಮೊದಲು ಹಲಗೆ ಬಾರಿಸಿ ಡಂಗುರ ಸಾರುತ್ತಿದ್ದರು. ಈ ಮೈಕು ಅದೇ ಡಂಗುರ, ಗಾಲಿ ಬಂದಿದೆ ಅಷ್ಟೇ. ಓದಲು ಬಾರದ ಅಜ್ಜಿಗೂ ಮುಟ್ಟುತ್ತದೆ, ಫೋನಿಗೆ ಕರೆನ್ಸಿ ಹಾಕಿಸದವರಿಗೂ ಮುಟ್ಟುತ್ತದೆ.

ಬೇಸಿಗೆಯಲ್ಲಿ ಇದರ ನಿಜವಾದ ಬೆಲೆ ಗೊತ್ತಾಗುತ್ತದೆ. ಕಾಲುವೆಗೆ ನೀರು ನಿಲ್ಲಿಸುವ ಮುಂಚೆ ಊರ ಕುಡಿಯುವ ನೀರಿನ ಕೆರೆ ತುಂಬಿಸಿಕೊಳ್ಳಬೇಕು. ಆಮೇಲೆ ಡ್ಯಾಮಿಗೆ ಹೊಸ ನೀರು ಬಂದು, ಮತ್ತೆ ಕಾಲುವೆಗೆ ಬಿಡುವವರೆಗೂ ಆ ಕೆರೆಯ ಮೇಲೇ ದಿನ ತಳ್ಳಬೇಕು. ಬಿಸಿಲು 40 ದಾಟಿರುತ್ತದೆ. ಬೋರ್ ನೀರು ಸವಳು, ಬಟ್ಟೆಗೆ ಸೋಪು ಹಾಕಿದರೆ ನೊರೆ ಬರುವುದಿಲ್ಲ. ಕುಡಿಯಲು ಐದು ರೂಪಾಯಿ ನಾಣ್ಯ ಹಾಕಿ ಘಟಕದಿಂದ ಕ್ಯಾನ್ ತರುತ್ತೇವೆ, ಬಾಕಿ ಎಲ್ಲದಕ್ಕೂ ನಳವೇ ಗತಿ. ನಾಲ್ಕು ದಿನಕ್ಕೊಮ್ಮೆ ಬರುವ ನಳ ಐದನೇ ದಿನಕ್ಕೆ ಹೋದರೆ ಅದನ್ನು ಹಿಂದಿನ ದಿನವೇ ಹೇಳಬೇಕಲ್ವಾ? ಮೈಕು ಹೇಳುತ್ತದೆ. ಹೇಗೆ ಹೇಳುತ್ತದೆ ಅಂದರೆ, "ತಾಂತ್ರಿಕ ಕಾರಣಗಳಿಂದ ನೀರು ಪೂರೈಕೆಯಲ್ಲಿ ವ್ಯತ್ಯಯ ಉಂಟಾಗಲಿದ್ದು ಸಾರ್ವಜನಿಕರು ಸಹಕರಿಸಬೇಕಾಗಿ ವಿನಂತಿ." ಯಾವ ಓಣಿಗೆ, ಯಾವ ದಿನ, ಮತ್ತೆ ಯಾವಾಗ ಬರುತ್ತದೆ, ಇದರಲ್ಲಿ ಒಂದೂ ಇಲ್ಲ. ಪಕ್ಕದ ಮನೆ ಅಜ್ಜಿ ಒಮ್ಮೆ ವ್ಯತ್ಯಯ ಅಂದರೆ ಜಾಸ್ತಿ ನೀರು ಬಿಡುತ್ತಾರೆ ಅಂದುಕೊಂಡು ಹಂಡೆ ತೊಳೆದಿಟ್ಟಿದ್ದಳು.

ಇಷ್ಟೇ ಆಗಿದ್ದರೆ ನಾನು ಈ ಸೇವೆಗೆ ಒಂದು ಸ್ಟಾರ್ ಕೊಟ್ಟು ಸುಮ್ಮನಾಗುತ್ತಿದ್ದೆ. ಆದರೆ ಗಾಡಿಯ ಹಿಂದೆ ನಿಂತು ಬಕೆಟ್ ಇಸಿದುಕೊಳ್ಳುವ ಒಬ್ಬ ಹೆಂಗಸು ಇದ್ದಾಳೆ. ಮೈಕು ವಿನಂತಿ ಮಾಡಿ ಮುಗಿಸುವುದರೊಳಗೆ ಆಕೆ ಒಂದೊಂದೇ ಮನೆ ಮುಂದೆ ಹೇಳುತ್ತಾ ಬರುತ್ತಾಳೆ, "ನಾಳಿ ನಳ ಬರಂಗಿಲ್ರಿ, ಇವತ್ತ ತುಂಬಿ ಇಟ್ಕೊಳ್ರಿ, ಇನ್ನ ಶನಿವಾರಕ್ಕ." ಅಷ್ಟೇ. ದಿನವೂ ಬಂತು, ವಾರವೂ ಬಂತು, ಏನು ಮಾಡಬೇಕು ಅನ್ನುವುದೂ ಬಂತು. ಪ್ರಶ್ನೆ ಕೇಳಿದರೆ ಉತ್ತರ ಬೇರೆ ಸಿಗುತ್ತದೆ, ಅದು ಯಾವ ಆ್ಯಪ್‌ನಲ್ಲೂ ನನಗೆ ಸಿಕ್ಕಿಲ್ಲ. ವಾಲ್ವ್ ಬಿಡುವ ಹುಡುಗನನ್ನು ಬೆಳಿಗ್ಗೆ ಟೀ ಅಂಗಡಿಯಲ್ಲಿ ಕೇಳಿಕೊಂಡು ಬರುತ್ತಾಳಂತೆ. ಅಂದರೆ ಆ ಸುದ್ದಿ ಕಚೇರಿಯಿಂದ ಬಂದದ್ದೇ ಅಲ್ಲ!

ತೆರಿಗೆ ವಿಷಯಕ್ಕೆ ಮಾತ್ರ ರೆಕಾರ್ಡಿಂಗ್ ಚೆನ್ನಾಗಿತ್ತು, ಒಪ್ಪಿಕೊಳ್ಳಬೇಕು. ಆಸ್ತಿ ತೆರಿಗೆಯನ್ನು ಏಪ್ರಿಲ್ ಒಳಗೆ ಕಟ್ಟಿದರೆ ಶೇ 5 ರಿಯಾಯಿತಿ, ಮೇ ಮತ್ತು ಜೂನ್‌ನಲ್ಲಿ ರಿಯಾಯಿತಿಯೂ ಇಲ್ಲ ದಂಡವೂ ಇಲ್ಲ, ಜುಲೈನಿಂದ ತಿಂಗಳಿಗೆ ಶೇ 2 ದಂಡ. ಇಷ್ಟನ್ನು ಅಚ್ಚುಕಟ್ಟಾಗಿ, ತಿಂಗಳ ಹೆಸರು ಹಿಡಿದು ಹೇಳಿತು. ಯಾಕೆ ಇದನ್ನು ಇಷ್ಟು ಸ್ಪಷ್ಟವಾಗಿ ಹೇಳುತ್ತಾರೆ, ನೀರನ್ನು ಯಾಕೆ ಹೇಳುವುದಿಲ್ಲ ಅಂತ ನಾನು ಹೇಳಬೇಕಿಲ್ಲ. ದುಡ್ಡು ಒಳಗೆ ಬರುವ ಸುದ್ದಿ ಅದು.

ಕಚೇರಿ ವೇಳೆ ಬದಲಾದದ್ದನ್ನೂ ಹೇಳಿತ್ತಂತೆ. ಬಿಸಿಲಿಗಾಗಿ ನಮ್ಮ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಏಪ್ರಿಲ್, ಮೇ ಎರಡು ತಿಂಗಳು ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ. ಅವತ್ತು ನಾನು ಒಳಗೆ ಮಿಕ್ಸಿ ಹಾಕಿದ್ದೆ, ಕೇಳಿಸಲಿಲ್ಲ. ಊಟ ಮಾಡಿ, ತಲೆಗೆ ಸೆರಗು ಹೊದ್ದು, ಎರಡೂವರೆಗೆ ಹೋದರೆ ಬಾಗಿಲು ಮುಚ್ಚಿತ್ತು. ಮರುದಿನ ಎಂಟಕ್ಕೆ ಹೋದೆ, ಕೌಂಟರಿನವರು ಎಂಟೂಮುಕ್ಕಾಲಿಗೆ ಬಂದರು. ಬಂದ ಮೇಲೆ ಕೆಲಸ ಬೇಗ ಆಯಿತು, ಸುಳ್ಳು ಹೇಳಬಾರದು. ಹಳೆಯ ರಸೀದಿ ನೋಡಿದರು, ಚಲನ್ ತೆಗೆದರು, ಫೋನಿನಲ್ಲೇ ಕಟ್ಟಿದೆ. ನನ್ನ ತೆರಿಗೆ 2,860 ರೂಪಾಯಿ, ರಿಯಾಯಿತಿಯಲ್ಲಿ ಉಳಿದದ್ದು 143. ಅದರ ಕೆಳಗೆ ಆರೋಗ್ಯ ಕರ, ಗ್ರಂಥಾಲಯ ಕರ, ಭಿಕ್ಷುಕರ ಕರ, ಕಸದ ಶುಲ್ಕ ಎಲ್ಲ ಸಾಲಾಗಿ ಇದ್ದವು. ಕಸದ ಶುಲ್ಕ ನೋಡಿದಾಗ ಖುಷಿಯಾಯಿತು. ನಾನು ದಿನಾ ಕೇಳುವ ರೇಡಿಯೋಕ್ಕೆ ಚಂದಾ ಕಟ್ಟಿದ ಹಾಗೆ.

ಮಳೆಗಾಲದಲ್ಲಿ ಈ ಮೈಕಿಗೆ ಏನೂ ಬರುವುದಿಲ್ಲ. ಚರಂಡಿ ಹೂಳು ಯಾವಾಗ ತೆಗೆಯುತ್ತಾರೆ ಅಂತ ಒಂದು ದಿನವೂ ಹೇಳಿಲ್ಲ. ಕಾದು ಕಾದು ಸಾಕಾಗಿ ಸರ್ಕಾರದ ದೂರಿನ ಸಹಾಯವಾಣಿ 1902ಕ್ಕೆ ಫೋನ್ ಮಾಡಿದೆ, ದೂರಿನ ನಂಬರ್ ಕೊಟ್ಟರು, ಒಂಬತ್ತು ದಿನಕ್ಕೆ ಹೂಳು ಎತ್ತಿದರು. ಎತ್ತಿದ ಹೂಳು ಚರಂಡಿ ದಂಡೆಯ ಮೇಲೇ ಇತ್ತು, ಮುಂದಿನ ಮಳೆಗೆ ಅದು ತಾನಾಗಿಯೇ ವಾಪಸ್ ಒಳಗೆ ಹೋಯಿತು. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿ ಹೋಯಿತಲ್ಲ, ಆ ವಾರ ನಮಗೆಲ್ಲ ಊಟ ಸೇರಿರಲಿಲ್ಲ. ಡ್ಯಾಮು ಬರಿದಾದರೆ ಬೆಳೆಗೂ ಇಲ್ಲ, ಕುಡಿಯಲೂ ಇಲ್ಲ. ಮೈಕು ಹಸಿ ಕಸ ಒಣ ಕಸ ಅನ್ನುತ್ತಲೇ ಇತ್ತು. ಗಾಡಿ ಹಿಂದಿನ ಆಕೆಯನ್ನು ಕೇಳಿದರೆ, "ಟಿವಿ ನೋಡ್ರಿ ಅಕ್ಕಾ, ನಮಗೂ ಅದ್ರಾಗ ಗೊತ್ತಾಗೋದು" ಅಂದಳು. ಗಣೇಶ ಹಬ್ಬಕ್ಕೆ ಮಾತ್ರ ಎಚ್ಚರವಾಯಿತು, ಪಿಒಪಿ ಮೂರ್ತಿ ಬೇಡ, ಬಾವಿಗೆ ಕೆರೆಗೆ ಬಿಡಬೇಡಿ ಅಂತ ಹದಿನೈದು ದಿನ ಹೇಳಿತು.

ಇನ್ನೂ ಎರಡು ತಕರಾರು. ಹಿಂದಿನ ಸಣ್ಣ ಗಲ್ಲಿಗೆ ಗಾಡಿ ಹಿಡಿಯುವುದಿಲ್ಲ, ಹಾಗಾಗಿ ಆ ಮನೆಗಳಿಗೆ ಸುದ್ದಿಯೂ ಅರ್ಧಂಬರ್ಧ. ಆರು ಗಂಟೆಗೇ ಗದ್ದೆ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳು ಮನೆಯಲ್ಲೇ ಇರುವುದಿಲ್ಲ, ಮನೆಗೆ ನೀರು ತುಂಬುವವರು ಅವರೇ. ಸಂಜೆ ಒಂದು ಸುತ್ತು ಬರೀ ಮೈಕು ಬಂದರೂ ಸಾಕು.

ರೆಕಾರ್ಡಿಂಗಿಗೆ ಐದರಲ್ಲಿ ಎರಡು, ಅದರಲ್ಲೂ ಒಂದು ತೆರಿಗೆ ಸುದ್ದಿಗೆ. ಗಾಡಿ ಹಿಂದಿನ ಆಕೆಗೆ ಐದಕ್ಕೆ ಐದು.

ಇದನ್ನು ಬರೆಯುತ್ತಿರುವುದು ಜೂನ್ ಎರಡನೇ ವಾರದಲ್ಲಿ. ಇವತ್ತು ಬೆಳಿಗ್ಗೆಯೂ ಮೈಕು ಏಪ್ರಿಲ್ ಒಳಗೆ ಕಟ್ಟಿ ರಿಯಾಯಿತಿ ಪಡೆಯಿರಿ ಅಂತ ಕೂಗಿತು, ಪೆನ್‌ಡ್ರೈವ್ ಬದಲಿಸಲು ಯಾರಿಗೂ ನೆನಪಾಗಿಲ್ಲ. ಎದುರು ಮನೆಯವರು ಗಾಬರಿಯಿಂದ ರಸೀದಿ ಹಿಡಿದು ಓಡಿ ಬಂದರು. ಆಕೆ ಬಕೆಟ್ ಝಾಡಿಸಿ ವಾಪಸ್ ಕೊಡುತ್ತಾ, "ಅದು ಮುಗದೈತ್ರಿ, ಸುಮ್ನ ಒದರಾಕತ್ತೈತಿ" ಅಂದಳು.