ಗೋಲಿನ ಮುಂದೆ ಬೇಲಿ ಹಾಕುವವರ ಪಕ್ಷಪಾತಿ: ಚಿಕ್ಕಮಗಳೂರಿನ ಒಂದು ಬಾಡಿಗೆ ಟರ್ಫ್

ಗೆರೆಯಿಂದ ಗೆರೆಗೆ 30 ಮೀಟರ್ ಉದ್ದ, 16 ಮೀಟರ್ ಅಗಲ. ಚಿಕ್ಕಮಗಳೂರಿನ ಹೊರವಲಯದ ಈ ಟರ್ಫ್ (ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಕೃತಕ ಹುಲ್ಲಿನ ಫುಟ್ಬಾಲ್ ಅಂಗಳ) ಬಗ್ಗೆ ಬಾಡಿಗೆ, ಲೈಟು, ಪಾರ್ಕಿಂಗ್ ಎಲ್ಲಕ್ಕಿಂತ ಮೊದಲು ಹೇಳಬೇಕಾದದ್ದು ಈ ಎರಡು ಅಂಕಿ. ವಾರಾಂತ್ಯದ ಟೂರ್ನಿಗಳಲ್ಲಿ ಚೆಂಡನ್ನು ಚೆನ್ನಾಗಿ ಆಡುವ ತಂಡ ಕೈಚೆಲ್ಲಿ, ಹಿಂದೆ ಕೂತ ತಂಡ 1–0ರಲ್ಲಿ ಗೆದ್ದು ಮನೆಗೆ ಹೋಗುವುದಕ್ಕೆ ಅರ್ಧ ಕಾರಣ ಅದರಲ್ಲೇ ಇದೆ. ಟರ್ಫ್‌ನ ಹೆಸರು ಬೇಕಿಲ್ಲ. ಇಲ್ಲಿನ ಗುಣದೋಷಗಳಲ್ಲಿ ಮುಕ್ಕಾಲು ಪಾಲು ಇದೇ ಅಳತೆಯ ಯಾವ ಟರ್ಫ್‌ಗೂ ಸಲ್ಲುತ್ತದೆ, ಅದು ಹಾಸನದ್ದಾದರೂ ಸರಿ, ಕಡೂರಿನದ್ದಾದರೂ ಸರಿ.

ಲೆಕ್ಕ ಹಾಕಿ ನೋಡಿ. 105 × 68 ಮೀಟರಿನ ದೊಡ್ಡ ಮೈದಾನದಲ್ಲಿ 22 ಜನ ಆಡುವಾಗ ತಲೆಗೆ ಸುಮಾರು 325 ಚದರ ಮೀಟರ್ ಜಾಗ ಸಿಗುತ್ತದೆ. 40 × 20ರ ಫುಟ್ಸಾಲ್ (ಐದೈದು ಜನರ ಒಳಾಂಗಣ ಫುಟ್ಬಾಲ್) ಅಂಗಳದಲ್ಲಿ ಹತ್ತು ಜನರಿಗೆ ತಲಾ 80. ಇಲ್ಲಿ ಐದೈದು ಜನ ಆಡಿದರೆ ತಲಾ 48. ಬಾಡಿಗೆ ಹಗುರವಾಗಲಿ ಎಂದು ಏಳೇಳು ಜನ ಇಳಿದರೆ 34ಕ್ಕೆ ಬರುತ್ತದೆ; ಅಲ್ಲಿಗೆ ಫುಟ್ಬಾಲ್ ಮುಗಿದು ಸಂತೆ ಶುರುವಾಗುತ್ತದೆ. ದೊಡ್ಡ ಮೈದಾನದಲ್ಲಿ ನಾಲ್ವರು ಡಿಫೆಂಡರ್‌ಗಳು 68 ಮೀಟರ್ ಅಗಲ ಕಾಯಬೇಕು, ಒಬ್ಬೊಬ್ಬನ ಪಾಲಿಗೆ 17 ಮೀಟರ್. ಇಲ್ಲಿ ಮೂವರು ಅಡ್ಡ ನಿಂತರೆ ಒಬ್ಬನಿಗೆ ಐದು ಮೀಟರ್ ಚಿಲ್ಲರೆ. ಎರಡು ಹೆಜ್ಜೆ ಇಟ್ಟರೆ ಪಕ್ಕದವನ ಜಾಗಕ್ಕೆ ಕಾಲು ಹೋಗುತ್ತದೆ. ಕಬಡ್ಡಿಯಲ್ಲಿ ಕೈಕೈ ಹಿಡಿದ ಸರಪಳಿಯ ಹಾಗೆ ಓಡದೆಯೇ ಅಗಲವನ್ನೆಲ್ಲ ಮುಚ್ಚಬಹುದು.

ಹಾಗಂತ ಗೋಲುಪೆಟ್ಟಿಗೆಯ ಬಾಯಲ್ಲಿ ಗುಂಪು ಕಟ್ಟಿ ನಿಂತರೆ ಡಿಫೆನ್ಸ್ ಆಗುವುದಿಲ್ಲ. ಇಲ್ಲಿನ ಗೋಲು 3 ಮೀಟರ್ ಅಗಲ, 2 ಮೀಟರ್ ಎತ್ತರ. 16 ಮೀಟರ್ ಗೆರೆಯಲ್ಲಿ ಹತ್ತಿರ ಹತ್ತಿರ ಐದನೇ ಒಂದು ಪಾಲು. ದೊಡ್ಡ ಮೈದಾನದ 7.32 ಮೀಟರ್ ಗೋಲು ಅಲ್ಲಿನ ಗೆರೆಯ ಒಂಬತ್ತನೇ ಒಂದು ಪಾಲೂ ಇಲ್ಲ. ಅಂದರೆ ಇಲ್ಲಿ ನಡುಗೆರೆ ದಾಟಿದವನೆಲ್ಲ ಗೋಲಿಗೆ ಹೊಡೆಯಬಲ್ಲ, 15 ಮೀಟರ್ ಏನೂ ದೂರವಲ್ಲ. ಡಿ (ಗೋಲಿನ ಮುಂದೆ ಗೆರೆ ಎಳೆದ ಜಾಗ) ಒಳಗೇ ನಾಲ್ವರು ನಿಂತ ತಂಡ ತನ್ನ ಕೀಪರ್‌ನ ಕಣ್ಣನ್ನೇ ಮುಚ್ಚುತ್ತದೆ. ಚೆಂಡು ಯಾರದೋ ಮೊಣಕಾಲಿಗೆ ತಾಗಿ ದಿಕ್ಕು ಬದಲಿಸಿದ ಮೇಲೆ ಅವನಿಗೆ ಕಾಣುತ್ತದೆ.

ಸರಿಯಾದ ಸಾಲು ಗೋಲಿನಿಂದ 8–9 ಮೀಟರ್ ಮುಂದೆ. ಚೆಂಡಿನ ಹತ್ತಿರದವನು ಒಂದೂವರೆ ಮೀಟರ್ ಅಂತರದಲ್ಲಿ ಓರೆಯಾಗಿ ನಿಂತು ಎದುರಾಳಿಯನ್ನು ಬದಿಯ ಬಲೆಯ ಕಡೆಗೆ ತಳ್ಳಬೇಕು. ಕಾಲು ಹಾಕುವ ಆತುರ ಬೇಡ. ಎರಡನೆಯವನು ಅವನ ಹಿಂದೆ ಎರಡು ಮೂರು ಮೀಟರ್ ಕೋನದಲ್ಲಿ. ಮೂರನೆಯವನ ಕೆಲಸ ಚೆಂಡು ನೋಡುವುದಲ್ಲ, ದೂರದ ಕಂಬದ ಬಳಿ ಸದ್ದಿಲ್ಲದೆ ಬರುವವನನ್ನು ನೋಡುವುದು. ಇಲ್ಲಿ ಬೀಳುವ ಗೋಲುಗಳಲ್ಲಿ ಬಹುಪಾಲು ಈ ಮೂರನೆಯವನ ತಪ್ಪಿನವು: ಒಂದೇ ಚೆಂಡಿಗೆ ಇಬ್ಬರು ನುಗ್ಗುತ್ತಾರೆ, ಮೂರನೆಯವನು ಅದನ್ನೇ ನೋಡುತ್ತ ನಿಲ್ಲುತ್ತಾನೆ, ಹಿಂದಿನಿಂದ ಬಂದವನು ಖಾಲಿ ಗೋಲಿಗೆ ಕಾಲು ತಾಗಿಸುತ್ತಾನೆ. ಎಷ್ಟು ಸಲ ಹೇಳಿದರೂ ತಿದ್ದುಕೊಳ್ಳದ ತಪ್ಪು ಇದು.

ಆಫ್‌ಸೈಡ್ (ಎದುರಾಳಿಯ ಡಿಫೆನ್ಸ್ ಸಾಲು ದಾಟಿ ನಿಂತವನಿಗೆ ಪಾಸ್ ಕೊಡಬಾರದೆಂಬ ನಿಯಮ) ಇಲ್ಲದ ಕಾರಣ ಸಾಲನ್ನು ಇನ್ನೂ ಮುಂದೆ ಒಯ್ಯುವ ಧೈರ್ಯ ಯಾರಿಗೂ ಬರುವುದಿಲ್ಲ. ಕೋಚ್ ಅರಿಗೊ ಸಾಕಿಯ ಎಸಿ ಮಿಲಾನ್ ಕ್ಲಬ್ 1989 ಮತ್ತು 1990ರಲ್ಲಿ ಯುರೋಪಿಯನ್ ಕಪ್ ಗೆದ್ದದ್ದು ಆಫ್‌ಸೈಡ್ ಗೆರೆಯನ್ನೇ ಆಯುಧ ಮಾಡಿಕೊಂಡು, ಡಿಫೆನ್ಸ್ ಸಾಲನ್ನು ಮೈದಾನದ ನಡುವಿಗೆ ತಂದು. ಆ ಆಯುಧ ಟರ್ಫ್‌ನಲ್ಲಿ ಇಲ್ಲ. ಇಲ್ಲಿಗೆ ಹೊಂದುವುದು ಅದಕ್ಕಿಂತ ಹಳೆಯ, ಕಟೆನಾಚ್ಚೊ ಎಂಬ ಡಿಫೆನ್ಸ್ ಪದ್ಧತಿ. ಆ ಇಟಾಲಿಯನ್ ಪದದ ಅರ್ಥವೇ ಬಾಗಿಲ ಚಿಲಕ. ಕೋಚ್ ಹೆಲೆನಿಯೊ ಹೆರೇರಾ ಅವರ ಇಂಟರ್ ಮಿಲಾನ್ 1964 ಮತ್ತು 1965ರಲ್ಲಿ ಅದೇ ಚಿಲಕ ಹಾಕಿ ಯುರೋಪ್ ಗೆದ್ದಿತು: ಎಲ್ಲರ ಹಿಂದೆ ಯಾವ ಎದುರಾಳಿಗೂ ಅಂಟಿಕೊಳ್ಳದ ಒಬ್ಬ, ಚೆಂಡು ಸಿಕ್ಕ ಕ್ಷಣ ಕೌಂಟರ್, ಅಂದರೆ ಮರುದಾಳಿ. ಐದು ಜನರ ಆಟದಲ್ಲಿ 1-2-1 ಜೋಡಣೆಯ (ಕೀಪರ್ ಬಿಟ್ಟು ಹಿಂದೆ ಒಬ್ಬ, ನಡುವೆ ಇಬ್ಬರು, ಮುಂದೆ ಒಬ್ಬ) ಹಿಂದಿನವನು ಆ ಚಿಲಕದ ಕೆಲಸವನ್ನೇ ಮಾಡುತ್ತಾನೆ.

ಅಳತೆಯನ್ನು ಟರ್ಫ್‌ನವರು ಬದಲಿಸಲಾರರು, ನಿಯಮಗಳನ್ನು ಬದಲಿಸಬಹುದು. ಮಾಡುವುದಿಲ್ಲ, ಅದೇ ದೂರು. ಇಲ್ಲಿನ ಟೂರ್ನಿಗಳಲ್ಲಿ ಬ್ಯಾಕ್‌ಪಾಸ್ ನಿಯಮವೇ ಇಲ್ಲ. ತನ್ನವನು ಹಿಂದಕ್ಕೆ ಕೊಟ್ಟ ಚೆಂಡನ್ನು ಕೀಪರ್ ಕೈಯಲ್ಲಿ ಹಿಡಿದು ಗಡಿಯಾರ ನೋಡುತ್ತ ನಿಲ್ಲಬಹುದು. 1990ರ ವಿಶ್ವಕಪ್ ಪಂದ್ಯಕ್ಕೆ ಸರಾಸರಿ 2.21 ಗೋಲಿಗೆ ಇಳಿದು ಬೇಸರ ತರಿಸಿದ ಮೇಲೆ, 1992ರಲ್ಲಿ ಫುಟ್ಬಾಲ್ ಕಾನೂನು ಮಾಡುವವರು ಇದನ್ನು ನಿಲ್ಲಿಸಿದರು. ಮೂವತ್ತು ವರ್ಷ ದಾಟಿದರೂ ಈ ಟರ್ಫ್‌ಗೆ ಸುದ್ದಿ ಮುಟ್ಟಿದಂತಿಲ್ಲ. ಪ್ರೆಸ್ಸಿಂಗ್ (ಎದುರಾಳಿಯ ಮೇಲೇ ಬಿದ್ದು ಚೆಂಡು ಕಸಿಯುವ ಆಟ) ಆಡುವ ತಂಡಕ್ಕೆ ಇದು ನೇರ ಹೊಡೆತ: ಮೂವರು ಬೆವರು ಸುರಿಸಿ ಎದುರಾಳಿಯನ್ನು ಮೂಲೆಗೆ ಒತ್ತಿದರೆ, ಅವನು ಕೀಪರ್‌ಗೆ ತಳ್ಳಿ ಪಾರಾಗುತ್ತಾನೆ. ಟೂರ್ನಿಗೆ ಹೆಸರು ಕೊಡುವಾಗಲೇ ಎರಡು ಮಾತು ಕೇಳಿ. ಬ್ಯಾಕ್‌ಪಾಸ್ ಕೈಯಲ್ಲಿ ಹಿಡಿದರೆ ಫ್ರೀ ಕಿಕ್ ಕೊಡುತ್ತೀರಾ? ಫುಟ್ಸಾಲ್‌ನಲ್ಲಿರುವಂತೆ ಕೀಪರ್‌ಗೆ ನಾಲ್ಕು ಸೆಕೆಂಡ್ ಮಿತಿ ಇದೆಯಾ? ಎರಡಕ್ಕೂ ಇಲ್ಲ ಎಂದರೆ, ನೀವೂ ಹಿಂದೆ ಕೂರುವುದೇ ಜಾಣತನ.

ಬದಿಯ ಬಲೆಗೆ ತಾಗಿ ಬಂದ ಚೆಂಡು ಆಟದಲ್ಲೇ ಇರುತ್ತದೆ. ಇದು ದಾಳಿಗೆ ಅನುಕೂಲ. ಡಿಫೆಂಡರ್ ಕಣ್ಣುಮುಚ್ಚಿ ಹೊರಗೆ ಬಾರಿಸಿ ಉಸಿರು ತೆಗೆದುಕೊಳ್ಳಲು ಆಗುವುದಿಲ್ಲ. ಆದರೆ ಬಲೆ ಗೇಟಿನ ಕಡೆ ಜೋತುಬಿದ್ದಿದೆ, ಅಲ್ಲಿ ತಾಗಿದ ಚೆಂಡು ಸತ್ತು ಕೆಳಗೆ ಬೀಳುತ್ತದೆ. ಎದುರಿನ ಬದಿಯಲ್ಲಿ ಬಿಗಿಯಾಗಿದೆ, ಪುಟಿದು ಬರುತ್ತದೆ. ಬಲೆಗೆ ಹೊಡೆದು ಚೆಂಡು ವಾಪಸ್ ಪಡೆಯುವ ಗೋಡೆ-ಪಾಸ್ ಆಡುವುದಿದ್ದರೆ ಬಿಗಿ ಬದಿಯಲ್ಲೇ ಆಡಿ. ಮೇಲಿನ ಬಲೆಗೆ ತಾಗಿದರೆ ಚೆಂಡು ಎದುರಾಳಿಗೆ, ಕೀಪರ್ ಎಸೆದ ಚೆಂಡು ನೆಲ ತಾಗದೆ ನಡುಗೆರೆ ದಾಟಬಾರದು. ಇವೆರಡೂ ಉದ್ದ ಚೆಂಡಿನ ಕೌಂಟರನ್ನು ತಡೆಯುತ್ತವೆ, ಒಳ್ಳೆಯ ನಿಯಮಗಳೇ.

ಟೂರ್ನಿ ಪಂದ್ಯ ತಲಾ ಹತ್ತು ನಿಮಿಷದ ಎರಡು ಅವಧಿ, ನೇರ ನಾಕೌಟ್, ಸಮವಾದರೆ ಪೆನಾಲ್ಟಿ. ಇದೂ ಬೇಲಿ ಹಾಕುವವರ ಪರವೇ. ಗೆಲುವಿಗೆ ಮೂರು ಪಾಯಿಂಟ್ ಪದ್ಧತಿ ಇಂಗ್ಲೆಂಡಿನಲ್ಲಿ 1981ರಲ್ಲಿ, ವಿಶ್ವಕಪ್‌ನಲ್ಲಿ 1994ರಲ್ಲಿ ಬಂದದ್ದು ಡ್ರಾಗೆ ಆಡುವವರಿಗೆ ನಷ್ಟವಾಗಲಿ ಎಂದು. ನಾಕೌಟ್‌ನಲ್ಲಿ ಆ ನಷ್ಟವಿಲ್ಲ. 2004ರ ಯುರೋ ಕಪ್‌ನಲ್ಲಿ ಗ್ರೀಸ್ ಕ್ವಾರ್ಟರ್ ಫೈನಲ್, ಸೆಮಿಫೈನಲ್, ಫೈನಲ್ ಮೂರನ್ನೂ 1–0ಯಲ್ಲೇ ಗೆದ್ದಿತು. ನಾಲ್ಕು ತಂಡಗಳ ಲೀಗ್ ಗುಂಪು ಮಾಡಿದರೆ ಸಂಘಟಕರಿಗೆ ಸ್ಲಾಟ್ ಹೆಚ್ಚು ಬೇಕು, ಆಟ ಮಾತ್ರ ಬೇರೆಯೇ ಆಗುತ್ತದೆ.

ಹಾಗಾದರೆ ಇಲ್ಲಿ ದಾಳಿ ಮಾಡುವುದು ಹೇಗೆ? ಚಿಲಕ ಮುರಿದ ಹಳೆಯ ಪಂದ್ಯವನ್ನೇ ನೋಡಬಹುದು. 1967ರ ಯುರೋಪಿಯನ್ ಕಪ್ ಫೈನಲ್, ಲಿಸ್ಬನ್. ಏಳನೇ ನಿಮಿಷದ ಪೆನಾಲ್ಟಿಯಿಂದ ಮುಂದಾದ ಇಂಟರ್ ಬಾಗಿಲು ಹಾಕಿಕೊಂಡಿತು. ಸ್ಕಾಟ್ಲೆಂಡಿನ ಸೆಲ್ಟಿಕ್ 2–1ರಲ್ಲಿ ಗೆದ್ದದ್ದು ಎರಡು ಸರಳ ದಾರಿಯಿಂದ. ಬದಿಯಿಂದ ಬಂದ ಚೆಂಡನ್ನು ಹಿಂದಕ್ಕೆ ಕೊಟ್ಟಾಗ ಪೆನಾಲ್ಟಿ ಪೆಟ್ಟಿಗೆಯ ಹೊರಗಿನಿಂದ ಫುಲ್‌ಬ್ಯಾಕ್ (ಬದಿಯ ಡಿಫೆಂಡರ್) ಟಾಮಿ ಗೆಮ್ಮೆಲ್ ಬಾರಿಸಿದ ಮೊದಲ ಗೋಲು. ದೂರದಿಂದ ಬಂದ ಹೊಡೆತಕ್ಕೆ ಗೋಲಿನ ಹತ್ತಿರ ಚಾಮರ್ಸ್ ಕಾಲು ತಾಗಿಸಿದ್ದು ಎರಡನೆಯದು. ಈ ಟರ್ಫ್‌ನಲ್ಲಿ ಕೆಲಸ ಮಾಡುವುದೂ ಅವೆರಡೇ. ಮೂಲೆಗೆ ಹೋದವನು ಅಡ್ಡ ಕೊಡದೆ ಡಿ ತುದಿಗೆ ಹಿಂದಕ್ಕೆ ಕೊಡಲಿ. ಸಾಲು ಗೋಲಿನ ಕಡೆ ಕುಸಿದಿರುವ ಆ ಒಂದು ಕ್ಷಣ ಅಲ್ಲಿ ಜಾಗವಿರುತ್ತದೆ. ಹೊಡೆಯುವವನು ದೂರದ ಕಂಬಕ್ಕೆ, ನೆಲಕ್ಕೆ ತಾಗಿದ ಹಾಗೆ ಹೊಡೆಯಲಿ. ಇನ್ನೊಬ್ಬ ಆ ಕಂಬದ ಬಳಿ ಕಾದಿರಲಿ.

ಇದಕ್ಕೆ ಬೇಕಾದದ್ದು ಗೋಲಿಗೆ ಬೆನ್ನು ಹಾಕಿ ಚೆಂಡು ಹಿಡಿಯಬಲ್ಲ ಒಬ್ಬ ಪಿವಟ್. ಅವನು ಆಫ್‌ಸೈಡ್ ಭಯವಿಲ್ಲದೆ ಎದುರಾಳಿಯ ಡಿ ಹತ್ತಿರವೇ ಬೀಡುಬಿಟ್ಟರೆ ಒಬ್ಬ ಡಿಫೆಂಡರ್ ಅವನಿಗೆ ಅಂಟಿಕೊಳ್ಳಲೇಬೇಕು, ಸಾಲು ಉದ್ದಕ್ಕೆ ಹಿಗ್ಗುತ್ತದೆ. ಉಳಿದ ಮೂವರಲ್ಲಿ ಇಬ್ಬರು ಮಾತ್ರ ನುಗ್ಗಬೇಕು. ನಾಲ್ವರೂ ನುಗ್ಗಿದ ತಂಡ ಚೆಂಡು ಕಳೆದುಕೊಂಡರೆ ಎರಡೇ ಪಾಸಿನಲ್ಲಿ ಅದು ಸ್ವಂತ ಗೋಲಿನೊಳಗೆ ಇರುತ್ತದೆ, 30 ಮೀಟರ್ ಅಷ್ಟೇ ತಾನೆ. ಚೆಂಡು ಹೋದ ಕೂಡಲೇ ಮೂರು ಸೆಕೆಂಡ್ ಒತ್ತಿ, ಸಿಗದಿದ್ದರೆ ಹಿಂದೆ ಸರಿಯಿರಿ. ಪೂರ್ತಿ ಅಂಗಳದ ಪ್ರೆಸ್ಸಿಂಗ್ ಎರಡು ನಿಮಿಷಕ್ಕಿಂತ ಹೆಚ್ಚು ಎಳೆದರೆ ಕಾಲು ಭಾರವಾಗಿ ಒಬ್ಬ ತಡವಾಗುತ್ತಾನೆ, ಆ ಸಂದಿನಲ್ಲೇ ಗೋಲು ಬೀಳುತ್ತದೆ. ಏಳು ಜನರ ತಂಡ ಕಟ್ಟಿ, ಅಂಗಳದಲ್ಲಿ ಐವರು, ನಾಲ್ಕು ನಿಮಿಷಕ್ಕೊಮ್ಮೆ ಇಬ್ಬರ ಬದಲಾವಣೆ ಇಟ್ಟುಕೊಂಡರೆ ಮಾತ್ರ ದಾಳಿಯ ಆಟ ಕೊನೆವರೆಗೂ ಉಳಿಯುತ್ತದೆ.

ಕಾರ್ನರ್‌ಗಳನ್ನು ಇಲ್ಲಿ ಎಲ್ಲರೂ ವ್ಯರ್ಥ ಮಾಡುತ್ತಾರೆ. 2019ರ ಐಎಸ್ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್‌ನಲ್ಲಿ ಬೆಂಗಳೂರು ಎಫ್‌ಸಿ, ಗೋವಾದಂಥ ದಾಳಿಕೋರ ತಂಡವನ್ನು 116 ನಿಮಿಷ ತಡೆದು, 117ನೇ ನಿಮಿಷದ ಕಾರ್ನರ್‌ಗೆ ರಾಹುಲ್ ಭೇಕೆ ತಲೆಕೊಟ್ಟದ್ದರಿಂದ ಕಪ್ ಎತ್ತಿತು. ಟರ್ಫ್‌ನಲ್ಲಿ ಮೂಲೆಯಿಂದ ಗೋಲಿನ ನಡುವಿಗೆ ಎಂಟೇ ಮೀಟರ್. ಎತ್ತಿ ಹೊಡೆಯಬೇಡಿ, ಸಣ್ಣದಾಗಿ ಡಿ ತುದಿಗೆ ತಳ್ಳಿ, ಓಡಿ ಬಂದವನು ಬಾರಿಸಲಿ.

ನೆಲದ ವಿಷಯ. ಹುಲ್ಲಿನ ಎಳೆಗಳ ನಡುವೆ ಮರಳು, ಕರಿ ರಬ್ಬರ್ ಕಾಳು ತುಂಬಿರಬೇಕು. ಎರಡೂ ಗೋಲಿನ ಬಾಯಲ್ಲಿ ಕಾಳು ಸವೆದು ಅಂಚಿಗೆ ಸರಿದಿದೆ, ಬೆರಳಿಟ್ಟರೆ ಗಟ್ಟಿ ತಳ ಸಿಗುತ್ತದೆ. ಕೀಪರ್ ಅಲ್ಲಿ ಬಿದ್ದರೆ ಮೊಣಕೈ ತರಚುವುದು ಖಚಿತ. ಉದ್ದ ತೋಳಿನ ಅಂಗಿ, ಮಂಡಿಗೆ ಪ್ಯಾಡ್ ಇಲ್ಲದೆ ನಿಲ್ಲಬೇಡಿ. ವಾರಕ್ಕೊಮ್ಮೆ ಎಳೆಗಳ ಎದುರು ದಿಕ್ಕಿಗೆ ಬ್ರಷ್ ಎಳೆದು ಕಾಳನ್ನು ಮತ್ತೆ ಹರಡಿದರೆ ಇದು ಸರಿಹೋಗುವ ದೋಷ.

ಮುಂಗಾರಿನಲ್ಲಿ ಲೆಕ್ಕ ತಿರುಗುತ್ತದೆ. ಒದ್ದೆ ಹುಲ್ಲಿನಲ್ಲಿ ಚೆಂಡು ಜಾರುತ್ತ ವೇಗವಾಗಿ ಹೋಗುತ್ತದೆ, ಕೀಪರ್ ಕೈಯಿಂದ ಜಾರುತ್ತದೆ, ತಿರುಗಲು ಹೋದ ಡಿಫೆಂಡರ್ ಜಾರುತ್ತಾನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೂರದ ನೆಲಹೊಡೆತ ಮತ್ತು ಅದರ ಹಿಂದೆ ಓಡುವುದು, ಇದಕ್ಕಿಂತ ಲಾಭದ ದಾಳಿ ಇಲ್ಲ. ಒಂದೇ ತೊಡಕು, ಗೇಟಿನ ಎದುರಿನ ಮೂಲೆಯಲ್ಲಿ ನೀರು ಇಂಗುವುದಿಲ್ಲ. ಜಡಿಮಳೆ ಹಿಡಿದ ದಿನ ಅಲ್ಲಿಗೆ ಹೋದ ಚೆಂಡು ನಿಂತುಬಿಡುತ್ತದೆ. ಆ ಬದಿಯ ದಾಳಿ ಮರೆತುಬಿಡಿ.

ಚೆಂಡನ್ನು ಟರ್ಫ್‌ನವರೇ ಕೊಡುತ್ತಾರೆ: 5ನೇ ಸೈಜ್, ಕಲ್ಲಿನ ಹಾಗೆ ಗಾಳಿ ತುಂಬಿದ್ದು. ನಿಯಮದಲ್ಲಿ 8.5ರಿಂದ 15.6 ಪಿಎಸ್ಐ (ಗಾಳಿಯ ಒತ್ತಡದ ಅಳತೆ) ವರೆಗೆ ಅವಕಾಶವಿದೆ. ಇಲ್ಲಿಗೆ 9 ಸಾಕು. ಸ್ವಂತದ್ದು ಒಯ್ಯುವುದಾದರೆ ಫುಟ್ಸಾಲ್‌ನ 4ನೇ ಸೈಜ್ ಒಯ್ಯಿರಿ. ಎರಡು ಮೀಟರ್ ಎತ್ತರದಿಂದ ಬಿಟ್ಟರೆ 50–65 ಸೆಂಟಿಮೀಟರ್ ಮಾತ್ರ ಪುಟಿಯುತ್ತದೆ, ಸಣ್ಣ ಪಾಸಿನ ತಂಡಕ್ಕೆ ಅರ್ಧ ಕೆಲಸ ಅದೇ ಮಾಡುತ್ತದೆ. ಗಟ್ಟಿ ನೆಲದ ಹುಲ್ಲಿಗೆಂದು ಮಾಡಿದ ಉದ್ದ ಮುಳ್ಳಿನ ಎಫ್‌ಜಿ ಸ್ಟಡ್ ಹಾಕಿ ಬಂದವರನ್ನು ಗೇಟಿನಲ್ಲಿ ಯಾರೂ ತಡೆಯುವುದಿಲ್ಲ, ತಡೆಯಬೇಕು. ಆ ಮುಳ್ಳು ಎಳೆಗಳಲ್ಲಿ ಸಿಕ್ಕಿಕೊಂಡು ಪಾದ ನಿಂತರೆ ತಿರುಗುವುದು ಮಂಡಿ. ಗಿಡ್ಡ ರಬ್ಬರ್ ಗುಬುಟಿನ ಟಿಎಫ್ (ಟರ್ಫ್) ಶೂ ಸರಿಯಾದದ್ದು.

ಬಾಡಿಗೆ ಹಗಲು ಗಂಟೆಗೆ 800 ರೂಪಾಯಿ, ಸಂಜೆ ಆರರ ಮೇಲೆ 1,000. ಹದಿನಾಲ್ಕು ಜನ ಹಂಚಿಕೊಂಡರೆ ಸಂಜೆಯ ಸ್ಲಾಟ್ ತಲೆಗೆ 72 ರೂಪಾಯಿಯೊಳಗೆ. ಲೈಟು ಚೆನ್ನಾಗಿದೆ, ಕುಡಿಯುವ ನೀರಿದೆ, ಬಟ್ಟೆ ಬದಲಿಸುವ ಕೋಣೆಗೆ ಚಿಲಕವಿಲ್ಲ. ಅಂಗಳದಲ್ಲಿ ಬೇಕಾದಷ್ಟು ಚಿಲಕ ಹಾಕುತ್ತಾರಲ್ಲ ಎಂದಿರಬೇಕು.

ಟಾಸ್ ಗೆದ್ದರೆ ಒಂದು ವಿಷಯ ನೆನಪಿಡಿ. ಹುಲ್ಲಿನ ಎಳೆಗಳು ಗೇಟಿನ ಕಡೆಯ ಗೋಲಿನತ್ತ ಮಲಗಿವೆ, ಆ ದಿಕ್ಕಿಗೆ ಚೆಂಡು ಕೊಂಚ ವೇಗವಾಗಿ ಉರುಳುತ್ತದೆ. ದಾಳಿಯ ತಂಡವಾಗಿದ್ದರೆ ಕಾಲು ಸೋತಿರುವ ಎರಡನೇ ಅವಧಿಗೆ ಆ ದಿಕ್ಕನ್ನು ಉಳಿಸಿಕೊಳ್ಳಿ.