ಕಾಲಿಡೋ ಹೋಲ್ಡ್ ತಾನೇ ಅಂತ ಬಿಟ್ಟೆ, ಬೆರಳಿಗೆ ಬಂತು

ಮನೆಯಲ್ಲೇ ಕ್ಲೈಂಬಿಂಗ್ ವಾಲ್ ಕಟ್ಟಬೇಕು ಅಂತಿರುವವರು ಇದನ್ನೊಮ್ಮೆ ಓದಿ, ಆಮೇಲೆ ಡ್ರಿಲ್ ಕೈಗೆ ತೆಗೆದುಕೊಳ್ಳಿ.

ನನ್ನದು ದೊಡ್ಡದೇನಲ್ಲ. 8 ಅಡಿ ಎತ್ತರ, 4 ಅಡಿ ಅಗಲದ ಒಂದೇ ಪ್ಲೈವುಡ್ ಹಲಗೆ, 18 ಮಿಲಿಮೀಟರ್ ದಪ್ಪ, 20 ಡಿಗ್ರಿ ಮುಂದಕ್ಕೆ ಬಾಗಿಸಿದ್ದು. ಕಟ್ಟುವಾಗ ಇದ್ದ ಭಯವೂ ಒಂದೇ: ಚೌಕಟ್ಟು ಕಿತ್ತುಕೊಂಡು ಮೈಮೇಲೆ ಬಿದ್ದರೆ? ಹಾಗಾಗಿ ತೊಲೆ, ಆಂಕರ್ ಬೋಲ್ಟ್ ಎಲ್ಲಾ ಬೇಕಾದ್ದಕ್ಕಿಂತ ಜಾಸ್ತಿಯೇ ಹಾಕಿದೆ. ಅದು ಇವತ್ತಿಗೂ ಅಲ್ಲಾಡಿಲ್ಲ. ನಾನು ಎಡವಿದ್ದು ಟಿ-ನಟ್‌ನಲ್ಲಿ.

ಹಲಗೆಯ ಹಿಂಬದಿಯಿಂದ ಕೂರಿಸುವ, ಹಲ್ಲುಗಳಿರುವ ನಟ್ ಅದು. ಮುಂದಿನಿಂದ ಹೋಲ್ಡ್ (ಹತ್ತುವಾಗ ಕೈಯಲ್ಲಿ ಹಿಡಿಯೋಕೆ, ಕಾಲಿಡೋಕೆ ಇರುವ ಹಿಡಿ) ಇಟ್ಟು ಬೋಲ್ಟ್ ಬಿಗಿದಾಗ ಹಿಂದಿನಿಂದ ಹಿಡಿದುಕೊಳ್ಳಬೇಕಾದ್ದು ಅದೇ. ಒಟ್ಟು 72 ಇದ್ದವು. ಮೊದಲ ಇಪ್ಪತ್ತನ್ನು ವಾಷರ್ ಹಾಕಿದ ಬೋಲ್ಟ್‌ನಿಂದ ನಿಧಾನಕ್ಕೆ ಎಳೆದು ಕೂರಿಸಿದೆ. ಹಲ್ಲು ನೇರವಾಗಿ ಮರಕ್ಕೆ ಇಳಿಯಿತು. ಅಷ್ಟರಲ್ಲಿ ತೋಳು ಸೋತಿತ್ತು. ಉಳಿದವಕ್ಕೆಲ್ಲ ಸುತ್ತಿಗೆ. ಕೆಲವು ಸೊಟ್ಟಗೆ ಕೂತವು. ನೋಡಿಯೂ ಸುಮ್ಮನಾದೆ.

ಇದರ ಮೇಲೆ ಇನ್ನೊಂದು ಜಾಣತನ. ನೋಡೋಕೆ ಚೆನ್ನಾಗಿರಲಿ ಅಂತ ಎರಡೂ ಪಕ್ಕಕ್ಕೆ ಹಲಗೆ ಹೊಡೆದು ಮುಚ್ಚಿಬಿಟ್ಟೆ. ಕೆಳಗಿನ ಸಾಲುಗಳ ಹಿಂದೆ ಕೈ ಹಾಕೋಕೆ ದಾರಿಯೇ ಉಳಿಯಲಿಲ್ಲ.

ಮೂರನೇ ವಾರ ಕೆಳಗಿನ ಒಂದು ಹೋಲ್ಡ್ ಬಿಗಿಯುವಾಗ ಅಲೆನ್ ಕೀ ಸುಮ್ನೆ ತಿರುಗುತ್ತಲೇ ಇತ್ತು. ಹಿಂದೆ ನಟ್ಟೂ ಜೊತೆಗೇ ತಿರುಗುತ್ತಿದೆ ಅಂತ ಅರ್ಥ. ಸರಿ ಮಾಡೋಕೆ ಪಕ್ಕದ ಹಲಗೆ ಕೀಳಬೇಕು. ಕಾಲಿಡೋ ಹೋಲ್ಡ್ ತಾನೇ, ಜಾರಿದರೆ ಮ್ಯಾಟ್ ಮೇಲೆ ಕೂತುಕೊಳ್ತೀನಿ ಅಷ್ಟೇ ಅಲ್ವಾ ಅಂದುಕೊಂಡೆ.

ಜಾರಿತು. ಆದರೆ ನಾನು ಬೀಳಲಿಲ್ಲ. ಬಿದ್ದಿದ್ದರೇ ಚೆನ್ನಾಗಿತ್ತು. ಎಡಗೈ ಆಗ ಬೆರಳ ತುದಿಯಷ್ಟೇ ಕೂರುವ ಅಂಚಿನ ಮೇಲೆ ಗೆಣ್ಣು ಮಡಚಿ ಕ್ರಿಂಪ್ ಹಿಡಿದಿತ್ತು. ಹೋಲ್ಡ್ ಗಿರ್ರನೆ ತಿರುಗಿ ಕಾಲು ತಪ್ಪಿದ್ದೇ, ಮೈಭಾರವೆಲ್ಲ ಒಮ್ಮೆಲೇ ಆ ಬೆರಳುಗಳಿಗೆ ಬಂತು. ಕೈ ಬಿಡಬೇಕು ಅನ್ನುವುದು ಹೊಳೆಯುವ ಮೊದಲೇ ಉಂಗುರ ಬೆರಳಲ್ಲಿ ‘ಟಪ್’ ಅಂತ ಸದ್ದು. ನೆಟಿಗೆ ಮುರಿದ ಹಾಗೆ, ಇನ್ನೂ ಜೋರಾಗಿ.

ಹರಿದದ್ದು ಎ2 ಪುಲ್ಲಿ. ಗಾಳದ ಕೋಲಿನಲ್ಲಿ ದಾರ ಹಾಯುವ ಉಂಗುರಗಳಿರುತ್ತವಲ್ಲ, ಹಾಗೆ ಬೆರಳು ಮಡಚುವ ಹುರಿ, ಅಂದರೆ ಟೆಂಡನ್, ಎಲುಬಿಗೆ ಅಂಟಿಕೊಂಡಿರುವಂತೆ ಹಿಡಿಯುವ ಪಟ್ಟಿಗಳಲ್ಲಿ ಇದೊಂದು. ಬೆರಳಿನ ಬುಡದ ಎಲುಬಿನ ಮೇಲಿರುತ್ತದೆ. ಕ್ರಿಂಪ್ ಹಿಡಿದಾಗ ಇದರ ಮೇಲೆ ಎಳೆತ ತುಂಬಾ ಜಾಸ್ತಿ. ಅಲ್ಟ್ರಾಸೌಂಡ್ ನೋಡಿದ ಡಾಕ್ಟರು ಪೂರ್ತಿ ಹರಿದಿಲ್ಲ, ಆಪರೇಷನ್ ಬೇಡ ಅಂದರು. ಆದರೂ ಬಾಟಲಿಯ ಮುಚ್ಚಳ ತೆಗೆಯೋಕೆ ತಿಂಗಳುಗಟ್ಟಲೆ ಇನ್ನೊಬ್ಬರನ್ನು ಕರೆಯಬೇಕಾಯಿತು.

ತಪ್ಪೆಲ್ಲ ನಟ್ಟಿನದೇ ಅಂದರೆ ಸುಳ್ಳಾಗುತ್ತೆ. ಗೋಡೆ ಮನೆಯಲ್ಲೇ ಇದೆ, ದಿನಾ ಹತ್ತುತ್ತಿದ್ದೆ. ಟೀ ಕಾಯುವಷ್ಟರಲ್ಲೂ ಎರಡು ಸಲ. ಬೆಳಿಗ್ಗೆ ಎದ್ದರೆ ಬೆರಳು ಮಡಚೋಕೆ ಬಿಗಿ ಬಿಗಿ. ತೋಳು ಮಾತ್ರ ವಾರ ವಾರ ಗಟ್ಟಿಯಾಗುತ್ತಿತ್ತು, ಅದನ್ನೇ ನಂಬಿದೆ. ಟೆಂಡನ್, ಪುಲ್ಲಿಗಳು ಮಾಂಸಖಂಡದಷ್ಟು ಬೇಗ ಬಲಿಯುವುದಿಲ್ಲ. ಮಧ್ಯೆ ಒಂದೆರಡು ದಿನ ಬಿಡಿ. ಸಣ್ಣ ಅಂಚುಗಳನ್ನು ಮೊದಲ ತಿಂಗಳುಗಳಲ್ಲಿ ಹಾಕಲೇಬೇಡಿ.

ಇನ್ನು ಹೋಲ್ಡ್‌ನಲ್ಲಿ ಬೋಲ್ಟಿನ ಪಕ್ಕ ಸಣ್ಣ ತೂತಿದ್ದರೆ ಅದು ಅಲಂಕಾರಕ್ಕಲ್ಲ. ಹೋಲ್ಡ್ ತಿರುಗದ ಹಾಗೆ ಸ್ಕ್ರೂ ಹಾಕೋಕೆ. ಇದು ನನಗೆ ಗೊತ್ತಾಗಿದ್ದು ಬೆರಳಿಗೆ ಪಟ್ಟಿ ಕಟ್ಟಿಕೊಂಡು ಕೂತಾಗ.

ಬೆರಳು ಸ್ವಲ್ಪ ಮಡಚೋಕೆ ಬಂದ ಮೇಲೆ ಪಕ್ಕದ ಹಲಗೆ ಕಿತ್ತು ಟಾರ್ಚ್ ಬಿಟ್ಟೆ. ಆ ನಟ್ಟಿನ ಸುತ್ತ ಹಲ್ಲುಗಳು ಮರವನ್ನು ದುಂಡಗೆ ಕೆರೆದಿದ್ದವು. ಕೆಳಗೆ ಮೂಲೆಯ ಧೂಳಲ್ಲಿ ಇನ್ನೆರಡು ಟಿ-ನಟ್ ಉದುರಿ ಬಿದ್ದಿದ್ದವು.